ಅಷ್ಟು ಹತ್ತಿರ ಹೇಗೆ ಹೋದ್ರಿ?

ಕಡಲತೀರದಲ್ಲಿ ನಾನು ತೆಗೆದ ಹಕ್ಕಿ ಫೋಟೋ ನೋಡಿದವರೆಲ್ಲ ಕೇಳುವುದು ಇದೊಂದೇ: ‘ಅಷ್ಟು ಹತ್ತಿರ ಹೇಗೆ ಹೋದ್ರಿ?’ ಅದರ ಬೆನ್ನಿಗೇ ಇನ್ನೊಂದು: ‘ಲೆನ್ಸ್ ಯಾವುದು?’

ಎರಡನೆಯದಕ್ಕೆ ಉತ್ತರ ಸುಲಭ. 150-600 ಜೂಮ್, ಹಳೆಯದು. ತಿರುಗಿಸಿದರೆ ಒಳಗೆ ಸೇರಿದ ಮರಳು ಕರಕರ ಅನ್ನುತ್ತದೆ. ಮೊದಲನೆಯದಕ್ಕೆ ಮಾತ್ರ ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ನಾನು ಹೋಗುವುದೇ ಇಲ್ಲ. ಹಕ್ಕಿಯೇ ಬರುತ್ತದೆ. ಅದನ್ನು ಕರೆತರುವುದು ಸಮುದ್ರ.

ಸಮುದ್ರ ಇಳಿದಾಗ ವಲಸೆ ಹಕ್ಕಿಗಳು ಒದ್ದೆ ಬಯಲಿನ ತುಂಬ ಚದುರಿಕೊಂಡು ಹುಳ, ಸಣ್ಣ ಏಡಿ ಹೆಕ್ಕುತ್ತಿರುತ್ತವೆ. ಆಗ ನೀವು ಹತ್ತು ಹೆಜ್ಜೆ ಇಟ್ಟರೆ ಅವು ಇಪ್ಪತ್ತು ಹೆಜ್ಜೆ ಇಡುತ್ತವೆ. ಬೆನ್ನಟ್ಟಿದವರಿಗೆ ಸಿಗುವುದು ಹಕ್ಕಿಯ ಬಾಲ. ನೀರು ಏರತೊಡಗಿದಾಗ ಆಟ ತಿರುಗುತ್ತದೆ. ಮೇಯುವ ಜಾಗ ಕಿರಿದಾಗುತ್ತಾ ಬರುತ್ತದೆ, ಹಕ್ಕಿಗಳು ದಡದ ಕಡೆಗೆ ಸರಿಯುತ್ತಾ ಬರುತ್ತವೆ. ಅಷ್ಟು ಹೊತ್ತಿಗಾಗಲೇ ನೀವು ಅಲ್ಲಿ ಮಲಗಿರಬೇಕು. ಹಕ್ಕಿ ಬಂದ ಮೇಲೆ ಮಲಗಲು ಹೋದರೆ ಕೆಲಸ ಕೆಟ್ಟಿತು.

ಹಾಗಾಗಿ ಕ್ಯಾಮೆರಾ ಬ್ಯಾಗಿಗಿಂತ ಮೊದಲು ನಾನು ನೋಡುವುದು ಉಬ್ಬರದ ವೇಳಾಪಟ್ಟಿ. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ಏಳಕ್ಕೆ ಇದ್ದದ್ದು ನಾಳೆ ಎಂಟಕ್ಕೆ ಹತ್ತು ನಿಮಿಷ ಇರುವಾಗ. ಬೆಳಗಿನ ಬೆಳಕು ಮತ್ತು ಏರುವ ನೀರು ಎರಡೂ ಕೂಡಿಬರುವುದು ತಿಂಗಳಲ್ಲಿ ಕೆಲವೇ ದಿನ. ಉಳಿದ ದಿನ ನಾನು ಸುಮ್ನೆ ನಿದ್ದೆ ಮಾಡುತ್ತೇನೆ.

ಮಲಗುವುದು ಅಂದೆನಲ್ಲ, ಅಕ್ಷರಶಃ ಮಲಗುವುದು. ಹೊಟ್ಟೆ ಮರಳಿಗೆ, ಎರಡೂ ಮೊಣಕೈ ಊರಿ, ಲೆನ್ಸು ಹಕ್ಕಿಯ ಕಣ್ಣಿನ ಮಟ್ಟಕ್ಕೆ. ನಿಂತ ಮನುಷ್ಯನ ಆಕಾರ ಹಕ್ಕಿಗೆ ಚೆನ್ನಾಗಿ ಗೊತ್ತು. ಅಲುಗಾಡದ ಗುಡ್ಡೆಯನ್ನು ಅದು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಒಮ್ಮೆ ಮುಕ್ಕಾಲು ಗಂಟೆ ಹೀಗೆ ಬಿದ್ದುಕೊಂಡಿದ್ದೆ. ಸ್ಯಾಂಡರ್ಲಿಂಗ್ ಎಂಬ ಪುಟ್ಟ ತೀರಹಕ್ಕಿಗಳ ಗುಂಪೊಂದು ಅಲೆಯ ಹಿಂದೆ ಓಡುವುದು, ಅಲೆ ತಿರುಗಿದಾಗ ವಾಪಸ್ ಓಡುವುದು, ಹೀಗೆ ಆಡುತ್ತಾ ನನ್ನ ಎರಡೂ ಪಕ್ಕದಿಂದ ದಾಟಿಹೋಯಿತು. ಒಂದು ಹಕ್ಕಿ ಎಷ್ಟು ಹತ್ತಿರ ಬಂತೆಂದರೆ ಲೆನ್ಸಿಗೆ ಫೋಕಸ್ ಆಗಲಿಲ್ಲ. ಒಂದೇ ಒಂದು ಫೋಟೋ ಇಲ್ಲ. ಆಮೇಲೆ ಎದ್ದು ನೋಡಿದರೆ ನನ್ನ ಮೊಣಕೈ ಗುರುತಿನ ಪಕ್ಕದಲ್ಲೇ ಅದರ ಹೆಜ್ಜೆ ಸಾಲು. ಮೂರೇ ಬೆರಳು, ಎಲ್ಲವೂ ಮುಂದಕ್ಕೆ. ಸ್ಯಾಂಡರ್ಲಿಂಗಿಗೆ ಹಿಂಬೆರಳಿಲ್ಲ. ಪುಸ್ತಕದಲ್ಲಿ ಓದಿದ್ದೆ, ಮರಳಿನ ಮೇಲೆ ನೋಡಿದ್ದು ಅವತ್ತೇ.

ಗಾಳಿಯ ದಿಕ್ಕೂ ನೋಡಿಕೊಳ್ಳಿ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ನಿಮ್ಮ ಬೆನ್ನಿಗಿದ್ದರೆ ಇಳಿಯುವ ಹಕ್ಕಿ ನಿಮ್ಮ ಕಡೆಗೇ ಮುಖ ಮಾಡಿರುತ್ತದೆ. ಹಾರುವ ಟರ್ನ್ ಹಕ್ಕಿಯ ಫೋಟೋ ಬೇಕೆಂದರೆ ಶಟರ್ ವೇಗವನ್ನು 1/2000 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ಬಿಸಿಲೇರಿದ ಮೇಲೆ ಮಾತ್ರ ಯಾವ ಲೆನ್ಸೂ ಕೈಹಿಡಿಯುವುದಿಲ್ಲ. ಕಾದ ಮರಳಿನ ಮೇಲೆ ಗಾಳಿ ನಡುಗುತ್ತದೆ, ಫೋಟೋ ಮಸುಕಾಗುತ್ತದೆ. ಅದಕ್ಕೆ ಲೆನ್ಸನ್ನು ಬೈದು ಮಾರಿದವರನ್ನೂ ನಾನು ಬಲ್ಲೆ.

‘ಎದ್ದು ಓಡಿಸಿದರೆ ಹಾರುವ ಫೋಟೋ ಸಿಗುತ್ತಲ್ವಾ?’ ಎಂದೂ ಕೆಲವರು ಕೇಳುತ್ತಾರೆ. ಸಿಗುತ್ತದೆ. ಆದರೆ 2022ರ ಅಕ್ಟೋಬರಿನಲ್ಲಿ ಗಾಡ್‌ವಿಟ್ ಎಂಬ ವಲಸೆ ಹಕ್ಕಿಯ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಟ್ಯಾಸ್ಮೇನಿಯಾಗೆ ಎಲ್ಲೂ ಇಳಿಯದೆ 11 ದಿನ ಹಾರಿತು. 13,560 ಕಿಲೋಮೀಟರ್. ಬೆನ್ನಿಗೆ ಕಟ್ಟಿದ್ದ ಟ್ಯಾಗ್ ಲೆಕ್ಕ ಇಟ್ಟಿತ್ತು. ಇಂಥ ಹಾರಾಟಕ್ಕೆ ಮುಂಚೆ ಗಾಡ್‌ವಿಟ್ ಮೈತುಂಬ ಕೊಬ್ಬು ತುಂಬಿಕೊಂಡು, ತೂಕ ಉಳಿಸಲು ಕರುಳನ್ನೇ ಕುಗ್ಗಿಸಿಕೊಳ್ಳುತ್ತದೆ. ಹಾಗೆ ಬಂದಿಳಿದದ್ದಕ್ಕೆ ತಿನ್ನಲು ಸಿಗುವುದು ನೀರು ಇಳಿದಿರುವ ಕೆಲವೇ ತಾಸು, ನೀರು ಏರಿದಾಗ ಒಂಟಿ ಕಾಲಲ್ಲಿ ನಿಂತು ವಿಶ್ರಾಂತಿ. ಅದನ್ನು ಒಂದು ಫೋಟೋಗೋಸ್ಕರ ಎಬ್ಬಿಸುವುದು ನನಗೆ ಕಳ್ಳತನ ಅನ್ನಿಸುತ್ತದೆ. ಹಾರುವ ಮುಂಚೆ ಅದು ಹೇಳಿಯೇ ಹೇಳುತ್ತದೆ. ಮೇಯುವುದು ನಿಲ್ಲುತ್ತದೆ, ಕತ್ತು ಉದ್ದವಾಗುತ್ತದೆ, ಗುಂಪೆಲ್ಲ ಒಂದೇ ಕಡೆ ನಡೆಯತೊಡಗುತ್ತದೆ. ಅಲ್ಲಿಗೇ ನಿಲ್ಲಿ. ಪ್ಲೋವರ್ ಹಕ್ಕಿಯೊಂದು ರೆಕ್ಕೆ ಮುರಿದ ಹಾಗೆ ಕುಂಟುತ್ತಾ ನಿಮ್ಮನ್ನು ದೂರ ಕರೆದರೆ ಹತ್ತಿರದಲ್ಲೇ ಮೊಟ್ಟೆಯೋ ಮರಿಯೋ ಇದೆ ಎಂದರ್ಥ. ಕಾಲಡಿ ನೋಡಿಕೊಂಡು, ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಈಗ ತಪ್ಪೊಪ್ಪಿಗೆ. ನನ್ನ ಫೋಟೋಗಳಲ್ಲಿ ಎಲ್ಲಕ್ಕಿಂತ ‘ಹತ್ತಿರ’ದ್ದು, ಜನ ಅತಿ ಜಾಸ್ತಿ ಹೊಗಳಿದ್ದು, ಬೂಬಿ ಎಂಬ ಕಡಲಹಕ್ಕಿಯೊಂದರ ಮುಖ. ನೇರ ನೋಟ, ಕೊಂಚ ತೆರೆದ ಕೊಕ್ಕು. ‘ನಗ್ತಾ ಇದೆ!’ ಎಂದು ಹತ್ತಾರು ಜನ ಬರೆದರು. ಅದು ನಗು ಅಲ್ಲ.

ಬಿರುಗಾಳಿ ಮುಗಿದ ಮೇಲೆ ನಡುಗಡಲಿನ ಹಕ್ಕಿಗಳು ಬಳಲಿ ದಡಕ್ಕೆ ಬಂದು ಬೀಳುತ್ತವೆ. ಆ ಬೂಬಿಯೂ ಹಾಗೆ ಬಂದದ್ದು. ಗಾಯ ಇರಲಿಲ್ಲ, ಎದೆಮೂಳೆ ಮಾತ್ರ ಕತ್ತಿಯಂತೆ ಎದ್ದು ಕಾಣುತ್ತಿತ್ತು. ರಕ್ಷಿಸಿದವರು ದಾಖಲೆಗೆ ಫೋಟೋ ಬೇಕೆಂದು ನನ್ನನ್ನು ಕರೆದಿದ್ದರು. ರೆಕ್ಕೆ, ಪಾದ, ಕಣ್ಣು ಎಲ್ಲ ತೆಗೆದು ಮುಗಿಯಿತು. ನಾನು ‘ಇನ್ನೊಂದೇ ಒಂದು’ ಎಂದೆ. ಆಮೇಲೆ ಮತ್ತೊಂದು. ಹಿಡಿದಿದ್ದ ಹುಡುಗಿ ‘ಸಾಕು ಸಾರ್, ಅದು ಏದುಸಿರು ಬಿಡ್ತಾ ಇದೆ’ ಎಂದು ಮುಖದ ಮೇಲೆ ಟವೆಲ್ ಮುಚ್ಚಿದಳು. ಆ ಕೊನೆಯ ಫೋಟೋವೇ ನೀವೆಲ್ಲ ಮೆಚ್ಚಿದ್ದು.

ಬೂಬಿಗೆ ಕೊಕ್ಕಿನ ಹೊರಗೆ ಮೂಗಿನ ಹೊಳ್ಳೆಗಳೇ ಇಲ್ಲ, ಉಸಿರಾಟವೆಲ್ಲ ಬಾಯಿಂದ ಎಂದು ಅವತ್ತು ಅವಳಿಂದಲೇ ಕಲಿತೆ. ಹಾಗಾಗಿ ಅದರ ಕೊಕ್ಕು ಪೂರ್ತಿ ಮುಚ್ಚುವಂತೆ ಕಟ್ಟಲೇಬಾರದು. ಯಾವ ಹಕ್ಕಿಗೂ ನಮ್ಮ ಹಾಗೆ ಉಸಿರಾಟಕ್ಕೆ ವಪೆ (ಡಯಾಫ್ರಮ್) ಇಲ್ಲ, ಎದೆಮೂಳೆ ಆಡಿದರಷ್ಟೇ ಉಸಿರು. ಎದೆ ಅದುಮಿ ಹಿಡಿದರೆ ಸತ್ತೇ ಹೋಗಬಹುದು. ದಡದಲ್ಲಿ ಬಿದ್ದ ಹಕ್ಕಿ ನಿಮಗೆ ಸಿಕ್ಕರೆ ಟವೆಲ್ ಹೊದಿಸಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು, ಕತ್ತಲಲ್ಲಿ ಬಿಡಿ. ನೀರು ಕುಡಿಸಬೇಡಿ, ಮೀನು ತುರುಕಬೇಡಿ. ಕೊಕ್ಕಿನಿಂದ ನಿಮ್ಮ ಕಣ್ಣು ದೂರ ಇರಲಿ. ಗಾಳದ ತಂಗೂಸಿ ಸುತ್ತಿಕೊಂಡಿದ್ದರೆ ಎಳೆಯಬೇಡಿ, ತುದಿಯಲ್ಲಿ ಕೊಕ್ಕೆ ಎಲ್ಲಿ ಚುಚ್ಚಿದೆಯೋ ಗೊತ್ತಿರುವುದಿಲ್ಲ. ಗೊತ್ತಿದ್ದವರಿಗೆ ಫೋನ್ ಮಾಡಿ. ಬಿದ್ದ ಜಾಗದ ಒಂದು ಫೋಟೋ, ಗಾಯದ ಒಂದು, ಕಾಲಲ್ಲಿ ಉಂಗುರ ಇದ್ದರೆ ಅದರ ಅಂಕಿ ಕಾಣುವಂತೆ ಒಂದು. ಫ್ಲ್ಯಾಶ್ ಬೇಡ. ಸೆಲ್ಫಿ ಅಂತೂ ಬೇಡವೇ ಬೇಡ.

ರಕ್ಷಿಸಿದ ಹಕ್ಕಿಯ ಫೋಟೋದ ಕೆಳಗೆ ನಾನೀಗ ‘ರಕ್ಷಿಸಿದ ಹಕ್ಕಿ, ಕೈಯಲ್ಲಿ ಹಿಡಿದು ತೆಗೆದದ್ದು’ ಎಂದು ಬರೆಯುತ್ತೇನೆ. ಲೈಕ್ ಕಡಿಮೆ ಬೀಳುತ್ತದೆ. ಬೀಳಲಿ. ಅದನ್ನು ಮುಚ್ಚಿಟ್ಟರೆ ಇನ್ನೊಬ್ಬರು ಅದೇ ಫೋಟೋ ಬೇಕೆಂದು ಕಾಡುಹಕ್ಕಿಯ ಮೂತಿಗೆ ಲೆನ್ಸ್ ಹಿಡಿಯಲು ಹೊರಡುತ್ತಾರೆ.

ಆ ಬೂಬಿ ಮೂರು ವಾರದಲ್ಲಿ ಚೇತರಿಸಿಕೊಂಡಿತು. ಬಿಡುವ ದಿನ ನನ್ನನ್ನೂ ಕರೆದರು. ನಾನು ಡಬ್ಬದ ಮುಂದೆ, ನೀರಿನ ಅಂಚಿನಲ್ಲಿ ಮಲಗಲು ಹೊರಟೆ. ಅದೇ ಹುಡುಗಿ ತಲೆಯಾಡಿಸಿದಳು. ಗಾಳಿ ಕಡಲಿನಿಂದ ಬೀಸುತ್ತಿತ್ತು. ಹಕ್ಕಿಗೆ ಎದುರಿಗೆ ಗಾಳಿ ಮತ್ತು ನೀರು ಬಿಟ್ಟು ಇನ್ನೇನೂ ಕಾಣಬಾರದು, ನಾವೆಲ್ಲ ಹಿಂದೆ. ಡಬ್ಬ ತೆರೆದರು. ಬೂಬಿ ನಾಲ್ಕು ಹೆಜ್ಜೆ ಅಡ್ಡಾದಿಡ್ಡಿ ಓಡಿ, ರೆಕ್ಕೆ ಬಿಚ್ಚಿ, ಅಲೆ ಸವರಿಕೊಂಡು ಹೋಯಿತು. ನನಗೆ ಸಿಕ್ಕಿದ್ದು ಒಂದು ಬೆನ್ನು, ಎರಡು ರೆಕ್ಕೆ. ಮುಂದಿನ ಫ್ರೇಮಿನಲ್ಲಿ ಒಂದು ಚುಕ್ಕೆ.

ಆ ಫೋಟೋ ನೋಡಿ ಇದುವರೆಗೆ ಯಾರೂ ಲೆನ್ಸ್ ಯಾವುದೆಂದು ಕೇಳಿಲ್ಲ.