ಕ್ಯುರೇಟರ್ ಅಂದ್ರೆ ಏನ್ ಕೆಲ್ಸ?

ಬೆಂಗ್ಳೂರಲ್ಲಿ ಕಲಾ ಪ್ರದರ್ಶನಗಳ ಕ್ಯುರೇಟರ್ ಆಗಿರೋ ನಮ್ ಚಿಕ್ಕಪ್ಪನ ಮಗಳು ಹಾಸನಕ್ಕೆ ಬಂದಿದ್ಲು, ಅಜ್ಜಿ ಎಲೆ ಅಡಿಕೆ ಕುಟ್ಕೊಂಡು "ಚಿತ್ರ ಬರೆಯೋದೂ ಇಲ್ಲ ಮಾರೋದೂ ಇಲ್ಲ, ಸಂಬಳ ಯಾತಕ್ಕೇ ಕೊಡ್ತಾರೆ ನಿಂಗೆ?" ಅಂದ್ಬಿಟ್ರು. ಮದ್ವೆ ಮನೆ ಉಸ್ತುವಾರಿ ತರ ಅಜ್ಜಿ, ಯಾರ್ನ ಕರೀಬೇಕು ಯಾರ ಪಕ್ಕ ಯಾರ್ನ ಕೂರಿಸ್ಬೇಕು ನೋಡೋದು ಅಂದ್ಲು. ಅಜ್ಜಿಗೆ ಅಷ್ಟು ಸಾಕಾಯ್ತು, ನಂಗಾಗ್ಲಿಲ್ಲ.

ಇವ್ಳು ಓದಿದ್ದು ಬಿಎಸ್ಸಿ ಅಗ್ರಿ! 2002ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಅನ್ನೋ ದೊಡ್ಡ ಕಲಾ ಪ್ರದರ್ಶನ ನಡೆಸಿದ ನೈಜೀರಿಯಾದ ಓಕ್ವಿ ಎನ್ವೆಝರ್ ಓದಿದ್ದೂ ಪೊಲಿಟಿಕಲ್ ಸೈನ್ಸೇ ಅಂತ ಗೊತ್ತಾದ್ಮೇಲೆ ಧೈರ್ಯ ಬಂತಂತೆ.

ಮಾರನೇ ದಿನ ಬೇಲೂರಿಗೆ ಹೋದ್ವಿ. ಎಲ್ರೂ ಸೆಲ್ಫಿ ತಗೋತಿದ್ರೆ ಇವ್ಳು ಮಾತ್ರ ಕತ್ತು ನೋಯೋ ತನಕ ಮದನಿಕೆಗಳ ಕಾಲ್ ಕೆಳಗೆ ಅಕ್ಷರ ಹುಡುಕ್ತಾ ನಿಂತಿದ್ಲು, ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಎಲ್ಲ ತಮ್ಮ ಹೆಸರು ಕೆತ್ತಿಟ್ಟು ಹೋಗಿದಾರಲ್ಲ, ಅದು. ಅವ್ಳ ರಿಸರ್ಚೇ ಅದಂತೆ, ಕೆಲಸದ ಮೇಲೆ ಯಾರ ಹೆಸರು ಉಳಿಯುತ್ತೆ, ಯಾರದ್ದು ಬಿಟ್ಟೋಗುತ್ತೆ, ಗ್ಯಾಲರೀಲಿ ಮೊಳೆ ಹೊಡೆದೋರು ಲೈಟ್ ಕಟ್ಟಿದೋರು ಎಲ್ಲಿ ಹೋದ್ರು ಅಂತ.

ಮನೆಗೆ ಬಂದು ಟೀ ಇಡೋಕೆ ಡಬರಿ ಎತ್ಕೊಂಡೆ. ಅಂಚಲ್ಲಿ ತಾತನ ಹೆಸರು ಕೆತ್ಸಿದೆ. ತಾತ ಅದ್ರಲ್ಲಿ ಒಂದ್ಸಲನೂ ನೀರ್ ಕಾಯ್ಸಿದ್ದಿಲ್ಲ.