ಹಂಚಿಕೊಂಡ ಲೈನು, ಏಳನೇ ವಾರ: ಯಾರ ಪಾಲು ಎಷ್ಟು?

ಶಾಲೆ, ಆರೋಗ್ಯ ಕೇಂದ್ರ, ಗ್ರಂಥಾಲಯ, ಸಮುದಾಯ ಭವನ. ನಾಲ್ಕಕ್ಕೂ ಸೇರಿ ಒಂದೇ ಬ್ರಾಡ್‌ಬ್ಯಾಂಡ್ ಲೈನು. ಅದು ಬಂದು ಇಳಿಯುವುದು ಶಾಲೆಯಲ್ಲಿ. ಆರೋಗ್ಯ ಕೇಂದ್ರ ಹತ್ತಿರದಲ್ಲೇ ಇದೆ, ಆದರೆ ಈಥರ್ನೆಟ್ ಕೇಬಲ್‌ನ 100 ಮೀಟರ್ ಮಿತಿಗಿಂತ ಸ್ವಲ್ಪ ಜಾಸ್ತಿ ದೂರ. ಹಾಗಾಗಿ ಅಲ್ಲಿಗೆ ಫೈಬರ್ ಎಳೆದೆವು. ಗ್ರಂಥಾಲಯ 3 ಕಿಲೋಮೀಟರ್ ಆಚೆ, ಅಲ್ಲಿಗೆ 5 ಗಿಗಾಹರ್ಟ್ಸ್ ರೇಡಿಯೋ. ಅದರ ಮಾಳಿಗೆಯಿಂದ ಮತ್ತೊಂದು ರೇಡಿಯೋ ಭವನಕ್ಕೆ.

ಶಾಲೆಗೆ ನೆಟ್ ಬೇಕಾಗುವುದು ಹಗಲು, ಭವನಕ್ಕೆ ಸಂಜೆ. ಬೇರೆ ಬೇರೆ ಲೈನ್ ತೆಗೆದುಕೊಂಡರೆ ಪ್ರತಿಯೊಂದೂ ಅರ್ಧ ದಿನ ಸುಮ್ನೆ ಬಿದ್ದಿರುತ್ತದೆ, ಅಲ್ವಾ? ಲೆಕ್ಕ ಚೆನ್ನಾಗೇ ಇತ್ತು. ಎಡವಿದ್ದು ಹಂಚುವುದರಲ್ಲಿ.

ಆರೋಗ್ಯ ಕೇಂದ್ರದ ಡಾಕ್ಟರ ವಿಡಿಯೋ ಕಾಲ್ ಬೆಳಿಗ್ಗೆ 11ಕ್ಕೆ ಸರಿಯಾಗಿ ನಿಂತುಬಿಡುತ್ತಿತ್ತು. ನಾನು ಫೈಬರ್ ಕನೆಕ್ಟರ್ ಮೇಲೆ ಅನುಮಾನಪಟ್ಟು ಎರಡು ಸಲ ಒರೆಸಿ ಬಂದೆ. ಕೊನೆಗೆ ಪಿಂಗ್ ಹಾಕಿಕೊಂಡು, ಅಂದರೆ ಒಂದು ಪುಟ್ಟ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುತ್ತಾ ಕೂತೆ. 10:55ಕ್ಕೆ 18 ಮಿಲಿಸೆಕೆಂಡ್. 11:02ಕ್ಕೆ 640! ಶಾಲೆಯ ಲ್ಯಾಬ್ ಪೀರಿಯಡ್ ಶುರುವಾಗುವುದೇ 11ಕ್ಕೆ. 22 ಕಂಪ್ಯೂಟರ್ ಒಟ್ಟಿಗೆ ಆನ್ ಆಗಿ, ಒಟ್ಟಿಗೇ ಅಪ್‌ಡೇಟ್‌ಗೆ ಕೈ ಹಾಕುತ್ತವೆ.

ಮುಖ್ಯ ರೂಟರ್‌ನಲ್ಲಿರುವುದು ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೂಟರ್ ತಂತ್ರಾಂಶ. ಅದರಲ್ಲಿ ಕೇಕ್ ಅನ್ನುವ ಕ್ಯೂ ವ್ಯವಸ್ಥೆ ಹಾಕಿ, ವೇಗವನ್ನು ಲೈನಿನ 90%ಗೆ ಕಟ್ಟಿದೆ. ಆಗ ಪ್ಯಾಕೆಟ್‌ಗಳ (ಡೇಟಾ ತುಂಡುಗಳ) ಸಾಲು ಲೈನ್ ಕೊಡುವವರ ಕಡೆ ಬೆಳೆಯದೆ ನಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ನಾವು ಹೇಳಿದ ಹಾಗೆ ಕೇಳುತ್ತದೆ. ಪಿಂಗ್ 35ಕ್ಕೆ ಇಳಿಯಿತು. ಆದರೂ ಡಾಕ್ಟರ ಮುಖ ಮಸುಕು ಮಸುಕೇ!

ತಪ್ಪು ನನ್ನದೇ. ಮೊದಲ ವಾರ ಸೋಮಾರಿತನಕ್ಕೆ ನಾಲ್ಕೂ ಕಟ್ಟಡಗಳನ್ನು ಒಂದೇ ನೆಟ್‌ವರ್ಕ್ ಮಾಡಿಬಿಟ್ಟಿದ್ದೆ. ಕೇಕ್ ಪಾಲು ಮಾಡುವುದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕಿರುವ ಗುರುತಿನ ಸಂಖ್ಯೆ ನೋಡಿ. ಹಾಗಾಗಿ ಶಾಲೆಗೆ 22 ಪಾಲು, ಡಾಕ್ಟರಿಗೆ ಒಂದು. ಈಗ ಪ್ರತಿ ಕಟ್ಟಡಕ್ಕೂ ಅದರದೇ ರೂಟರ್, ಅದರದೇ ನ್ಯಾಟ್ (ಒಳಗಿನ ಎಲ್ಲ ಯಂತ್ರಗಳನ್ನೂ ಹೊರಗೆ ಒಂದೇ ವಿಳಾಸವಾಗಿ ತೋರಿಸುವ ವ್ಯವಸ್ಥೆ). ಮುಖ್ಯ ರೂಟರ್‌ಗೆ ಕಾಣುವುದು ನಾಲ್ಕೇ ವಿಳಾಸ, ಆದ್ದರಿಂದ ನಾಲ್ಕೇ ಪಾಲು. ಒಬ್ಬರು ಬಳಸದಿದ್ದರೆ ಅವರ ಪಾಲು ತಾನಾಗಿ ಉಳಿದವರಿಗೆ ಹೋಗುತ್ತದೆ. ನ್ಯಾಟ್ ಮೇಲೆ ನ್ಯಾಟ್ ಅಂದರೆ ಬಲ್ಲವರು ಮೂಗು ಮುರಿಯುತ್ತಾರೆ, ಗೊತ್ತು. ಹೊರಗಿನಿಂದ ಒಳಗಿನ ಕಂಪ್ಯೂಟರ್ ತಲುಪುವುದು ಅದರಿಂದ ಕಷ್ಟವಾಗುತ್ತದೆ, ಆದರೆ ಅಂಥ ಕೆಲಸ ನಮ್ಮಲ್ಲಿ ಯಾರಿಗೂ ಇಲ್ಲ.

ಇನ್ನೊಂದು ಕಡೆ, ಗ್ರಂಥಾಲಯದ ರೇಡಿಯೋ ಸಿಗ್ನಲ್ -61ರಿಂದ -70 ಡಿಬಿಎಂಗೆ ಕುಸಿದಿತ್ತು. 9 ಡೆಸಿಬೆಲ್ ಅಂದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಬಂದ ಹಾಗೆ. ಕಣ್ಣಿಗೆ ಆಚೆ ತುದಿಯ ಕಂಬ ಕಾಣುತ್ತಿತ್ತು, ಆದರೆ ರೇಡಿಯೋಗೆ ಅಷ್ಟು ಸಾಲದು. ನೇರ ಗೆರೆಯ ಸುತ್ತ ರೇಡಿಯೋ ಅಲೆಗಳಿಗೆ ಬೇಕಾಗುವ ಜಾಗಕ್ಕೆ ಫ್ರೆನೆಲ್ ವಲಯ ಅನ್ನುತ್ತಾರೆ; ಇಷ್ಟು ದೂರಕ್ಕೆ ನಡುದಾರಿಯಲ್ಲಿ ಅದರ ತ್ರಿಜ್ಯ ಸುಮಾರು 6 ಮೀಟರ್. ಅದರಲ್ಲಿ 60% ಆದರೂ ಖಾಲಿ ಇರಬೇಕು. ಅಲ್ಲೊಂದು ಮರ ಚಿಗುರಿಕೊಂಡು ಕೊಂಬೆ ಚಾಚಿತ್ತು. ಮರ ಕಡಿಯಲು ಮನಸ್ಸಾಗಲಿಲ್ಲ. ಎರಡೂ ಕಂಬಗಳನ್ನು 2 ಮೀಟರ್ ಎತ್ತರಿಸಿದೆವು. ಈಗ -63.

ಉಳಿದಿರುವುದು ಭವನದವರ ದೂರು: ಸಂಜೆ 6ಕ್ಕೆ ನೆಟ್ ಹೋಗುತ್ತದೆ. ಇದಕ್ಕೆ ಪಿಂಗ್ ಬೇಕಾಗಲಿಲ್ಲ. ಗ್ರಂಥಾಲಯದವರು ಬೀಗ ಹಾಕುವಾಗ ಮೇನ್ ಸ್ವಿಚ್ಚನ್ನೂ ಆರಿಸುತ್ತಾರೆ, ಮಾಳಿಗೆಯ ರೇಡಿಯೋ ಕೂಡ ಅದರ ಜೊತೆಗೇ ಮಲಗುತ್ತದೆ. ಮುಂದಿನ ವಾರ ಎಲೆಕ್ಟ್ರಿಷಿಯನ್ ಬಂದು ರೇಡಿಯೋಗೆ ಬೇರೆ ಸ್ವಿಚ್ ಹಾಕಿಕೊಡುತ್ತಾರೆ. ಅಲ್ಲಿಯವರೆಗೆ ಸ್ವಿಚ್ ಪಕ್ಕ ಒಂದು ಚೀಟಿ ಅಂಟಿಸಿ ಬಂದಿದ್ದೇನೆ.