ಕೂತಾಗ ಬೀಳುವ ಮಡಿಕೆ

ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಬಲಗಡೆ ಸೊಂಟದ ಹತ್ತಿರ ಬೆಚ್ಚಗೆ, ಒದ್ದೆ. ದೀಪ ಹಾಕದೆಯೇ ಗೊತ್ತಾಯಿತು. ಆ ವಾರದಲ್ಲಿ ಅದು ಮೂರನೇ ಸಲ.

ಕ್ಯಾನ್ಸರ್ ಅಂತ ನನ್ನ ಮೂತ್ರಕೋಶ ತೆಗೆದು ಎರಡು ತಿಂಗಳಾಗಿತ್ತು. ಸಣ್ಣ ಕರುಳಿನ ತುಂಡೊಂದನ್ನು ಬಳಸಿ ಮೂತ್ರಕ್ಕೆ ಹೊಟ್ಟೆಯ ಮೇಲೆ ದಾರಿ ಮಾಡಿದ್ದರು. ಹೊರಗೆ ಕಾಣುವ ಕೆಂಪು ಬಾಯಿಗೆ ಸ್ಟೋಮಾ ಅಂತಾರೆ. ತಡೆಹಿಡಿಯೋಕೆ ಅಲ್ಲಿ ಸ್ನಾಯು ಇಲ್ಲ, ಹಗಲು ರಾತ್ರಿ ತೊಟ್ಟಿಕ್ಕುತ್ತಲೇ ಇರುತ್ತದೆ. ಮೇಲೆ ಅಂಟಿಸಿದ ಚೀಲವೇ ಗತಿ.

ಹಿಂದಿನ ಎರಡು ಸಲ ಅಂಚಿಗೆ ಟೇಪ್ ಹಚ್ಚಿ ಮಲಗಿಬಿಟ್ಟಿದ್ದೆ. ದಡ್ಡತನ. ಸೋರಿದ್ದು ಅಡಿಯಲ್ಲೇ ನಿಂತು ಚರ್ಮ ಕೆಂಪಾಗಿ ಉರಿಯುತ್ತಿತ್ತು. "ರೀ, ನೀವು ಏಳಿ, ಹಾಸಿಗೆ ನಾನು ನೋಡ್ಕೋತೀನಿ" ಅಂದಳು ಹೆಂಡತಿ. ಅವಳು ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಬೆಳಿಗ್ಗೆ ಸ್ಟೋಮಾ ನರ್ಸ್ ಹತ್ತಿರ ಹೋಗಿ ಚೀಲವೇ ಸರಿಯಿಲ್ಲ ಅಂತ ದೂರಿದೆ. ಅವರು ಚೀಲವನ್ನು ಚರ್ಮಕ್ಕೆ ಅಂಟಿಸುವ ಪ್ಲೇಟ್ ಬಿಚ್ಚಿ ಅದರ ಹಿಂಬದಿ ನೋಡಿದರು. ಒಂದು ಕಡೆ ಅಂಟು ಬೆಳ್ಳಗೆ ಉಬ್ಬಿ ಕರಗಿತ್ತು. "ಪ್ಲೇಟಲ್ಲಿ ಸ್ಟೋಮಾಗೆ ತೂತು ಯಾವ ಅಳತೆಗೆ ಕತ್ತರಿಸ್ತೀರಿ?" ಆಪರೇಷನ್ ಆದಾಗ ಕೊಟ್ಟ ಅಳತೆಯೇ ಅಂದೆ. ಮೊದಲ ಆರೆಂಟು ವಾರ ಊತ ಇಳಿದು ಸ್ಟೋಮಾ ಸಣ್ಣದಾಗುತ್ತದಂತೆ. ನಾನು ಹಳೇ ಅಳತೆಯಲ್ಲೇ ಇದ್ದೆ.

"ಈಗ ಕೂತ್ಕೊಳ್ಳಿ." ಕೂತೆ. ಕನ್ನಡಿ ಹಿಡಿದರು. ಪ್ಲೇಟ್ ಕರಗಿದ್ದ ಕಡೆಯೇ ಹೊಟ್ಟೆಯಲ್ಲಿ ಮಡಿಕೆ! ಇಷ್ಟು ದಿನ ನಾನು ಮಲಗಿಕೊಂಡೇ ಅಂಟಿಸುತ್ತಿದ್ದೆ. ಮಲಗಿದರೆ ಹೊಟ್ಟೆ ಸಪಾಟು, ಅಲ್ವಾ?

ಮಡಿಕೆಗೆ ಅಂತ ಚರ್ಮದ ಕಡೆಗೆ ಉಬ್ಬಿಕೊಂಡಿರುವ ಬೇರೆ ಪ್ಲೇಟ್ ಕೊಟ್ಟರು. ಮಾಯಿಶ್ಚರೈಸರ್ ಇರುವ ಸೋಪು ಬೇಡ, ಜಿಡ್ಡಿಗೆ ಅಂಟು ಹಿಡಿಯಲ್ಲ ಅಂದರು. ಚೀಲ ಬದಲಿಸೋದು ಬೆಳಿಗ್ಗೆ ಎದ್ದ ತಕ್ಷಣ, ನೀರು ಕುಡಿಯುವ ಮೊದಲು. ಆಗ ತೊಟ್ಟಿಕ್ಕೋದು ಕಡಿಮೆ. ಅಂಟಿಸಿದ ಮೇಲೆ ಅಂಗೈ ಒತ್ತಿ ಹಿಡಿದು ಕಾವು ಕೊಡಬೇಕು. ಮೂರನೇ ಒಂದು ಭಾಗ ತುಂಬುತ್ತಿದ್ದಂತೆ ಖಾಲಿ ಮಾಡಬೇಕು, ಇಲ್ಲದಿದ್ದರೆ ಭಾರಕ್ಕೆ ಅಂಟು ಕೀಳುತ್ತದೆ. ರಾತ್ರಿ 2 ಲೀಟರಿನ ದೊಡ್ಡ ಚೀಲಕ್ಕೆ ಕೊಳವೆ ಜೋಡಿಸಬೇಕು. ಅದನ್ನು ನಾನು ಮಾಡುತ್ತಲೇ ಇರಲಿಲ್ಲ, ಕಾಲಿಗೆ ತೊಡರುತ್ತದೆ ಅಂತ.

ಅವತ್ತು ರಾತ್ರಿ ನಾಲ್ಕು ಸಲ ಎದ್ದು ಕೈಯಾಡಿಸಿ ನೋಡಿದೆ. ಒಣಗೇ ಇತ್ತು. ನಾಲ್ಕನೇ ಸಲ ಹೆಂಡತಿ, "ಸುಮ್ನೆ ಮಲಗ್ರೀ" ಅಂತ ಆ ಕಡೆ ತಿರುಗಿಕೊಂಡಳು.